ಊಟ ಆಯ್ತಾ ಎಂಬ ತುರ್ತಲ್ಲದ ಎಚ್ಚರಿಕೆ

"ಇನ್ನು ಮೇಲೆ ಈ ಮನೆಯಲ್ಲಿ ಫೋನು ನನ್ನ ಅಪ್ಪಣೆ ಇಲ್ಲದೆ ಕಿರುಚಕೂಡದು!" ಎಂದು ನಮ್ಮ ಮಹಾಶಯರು ಘೋಷಿಸಿದರು. ಕೇಳಿಸಿಕೊಳ್ಳಲು ಮನೆಯಲ್ಲಿ ಇದ್ದದ್ದು ಫ್ರಿಜ್ ಒಂದೇ. ಹೆಂಡತಿ ಸೇತುವೆ ಕಟ್ಟಿಸುವ ಇಂಜಿನಿಯರ್. ಕೆಲವು ತಿಂಗಳಿಂದ ಬೇರೆ ಊರಿನಲ್ಲಿ ಕೆಲಸ.

ಮಹಾಶಯರದು ಮನೆಯಲ್ಲೇ ಕೂತು ಕಂಪನಿಯ ಸರ್ವರ್‌ಗಳನ್ನು ಕಾಯುವ ಉದ್ಯೋಗ. ಎಲ್ಲೋ ಒಂದು ಸರ್ವರ್ ಸೀನಿದರೂ ಇವರ ಫೋನಿಗೆ ಎಚ್ಚರಿಕೆ ಬರುತ್ತದೆ, ಇವರು ಬಾಯಿಯ ತುತ್ತು ಬಿಟ್ಟು ಓಡಬೇಕು. ಈ ಕಾಟಕ್ಕೆ ಮಂಗಳ ಹಾಡಲು ಒಂದು ಎಐ ಸಹಾಯಕವನ್ನು ತಂದು ಕೂರಿಸಿದರು. ಸಣ್ಣಪುಟ್ಟ ರಿಪೇರಿ ಅದರ ಪಾಲು, ಮೆಸೇಜುಗಳಿಗೆ ಉತ್ತರವೂ ಅದರದ್ದೇ. ಜೊತೆಗೆ ತಮ್ಮ ಕಸುಬಿನ ನಿಯಮವನ್ನೂ ಕಲಿಸಿದರು: ಒಂದೇ ಎಚ್ಚರಿಕೆ ದಿನಾ ಬರುತ್ತಿದ್ದರೆ ಅದು ಬರೀ ಗದ್ದಲ, ಉತ್ತರ ಕೊಟ್ಟು ಸುಮ್ಮನಾಗಿಸು, ನನ್ನವರೆಗೆ ತರಬೇಡ.

ಮೊದಲ ದಿನ ಸ್ವರ್ಗಕ್ಕೆ ಮೂರೇ ಗೇಣು! ಬಿಸಿ ಕಾಫಿಯನ್ನು ಬಿಸಿಯಾಗಿರುವಾಗಲೇ ಕುಡಿದರು. ವಾರ ಕಳೆಯುವಷ್ಟರಲ್ಲಿ ಫೋನು ಕೆಟ್ಟಿದೆಯೇನೋ ಎಂದು ಅಲ್ಲಾಡಿಸಿ ನೋಡತೊಡಗಿದರು. ಕಂಪನಿಯವರಿಗೆ ಇವರು ಬೇಡವಾದರೆ ಬೇಡವಾಗಲಿ, ಹೆಂಡತಿಯಿಂದಲೂ ಸುದ್ದಿಯಿಲ್ಲ! ತಾವಾಗಿ ಫೋನ್ ಮಾಡಲು ಅಭಿಮಾನ ಅಡ್ಡ ಬಂತು. ಒಂದೇ ತಟ್ಟೆ, ಒಂದೇ ಲೋಟ ತೊಳೆದಿಟ್ಟು, ಫೋನನ್ನು ಮತ್ತೊಮ್ಮೆ ಅಲ್ಲಾಡಿಸಿದರು.

ಕೊನೆಗೆ, ಯಾರಾದರೂ ಕರೆದು ಬೈಯಲಿ ಎಂದು, ಪರೀಕ್ಷೆಗೆಂದು ಇಟ್ಟಿದ್ದ ಒಂದು ಪುಟ್ಟ ಸರ್ವರನ್ನು ತಾವೇ ಕೆಡವಿದರು! ಫೋನು ತುಟಿ ಬಿಚ್ಚಲಿಲ್ಲ. ತಡೆಯಲಾರದೆ ಆಫೀಸಿನ ಸಹೋದ್ಯೋಗಿಗೆ ತಾವೇ ಕರೆ ಮಾಡಿದರು.

"ಏನ್ರೀ, ಸರ್ವರ್ ಬಿದ್ದಿದ್ದು ಗೊತ್ತಾಗಲಿಲ್ವಾ?"

"ಬಿತ್ತಾ ಸಾರ್? ಇಲ್ಲಿ ಎಲ್ಲಾ ನೆಟ್ಟಗಿದೆಯಲ್ಲ! ನಿಮ್ಮ ಸಹಾಯಕ ಆಗಲೇ ಎಬ್ಬಿಸಿರುತ್ತೆ, ಭಾರಿ ಚುರುಕು. ನೀವು ಆರಾಮಾಗಿರಿ ಸಾರ್!"

ಆರಾಮು! ಆ ಮಾತಿಗೆ ಮೈಯೆಲ್ಲ ಉರಿಯಿತು. ಆ ಸಿಟ್ಟಿನಲ್ಲೇ ಹೆಂಡತಿಗೆ ಫೋನ್ ಮಾಡಿದರು.

"ನಾನು ಬದುಕಿದ್ದೀನಾ ಸತ್ತಿದ್ದೀನಾ ಅಂತಾದ್ರೂ ವಿಚಾರಿಸಬಾರದಾ? ಊಟ ಆಯ್ತಾ ಅಂತ ಒಂದು ಮೆಸೇಜ್ ಹಾಕೋಕೂ ಆಗಲ್ವಾ ನಿಂಗೆ?"

"ದಿನಾ ಕೇಳ್ತಿದ್ದೀನಲ್ರೀ! ದಿನಾ ಉತ್ತರಾನೂ ಬರ್ತಿದೆ."

ಮಹಾಶಯರಿಗೆ ಈಗ ಹೊಳೆಯಿತು. ದಿನಾ ಬರುವ ಒಂದೇ ಎಚ್ಚರಿಕೆ! ಬರೀ ಗದ್ದಲ! ತಾವೇ ಕಲಿಸಿದ ಪಾಠ!

"ಅದು... ಉತ್ತರ ಕೊಟ್ಟಿದ್ದು ನಾನಲ್ಲ ಕಣೇ," ಎಂದು ತೊದಲಿದರು.

"ಗೊತ್ತು. ಮೊದಲನೇ ದಿನವೇ ಗೊತ್ತಾಯ್ತು."

"ಹೇಗೆ?"

"'ನನ್ನದು ಆಯಿತು, ನಿಮ್ಮದು ಆಯಿತಾ?' ಅಂತ ತಿರುಗಿ ಕೇಳ್ತು. ಮದುವೆಯಾದಾಗಿನಿಂದ ನೀವು ಯಾವತ್ತಾದ್ರೂ ಹಾಗೆ ಕೇಳಿದ್ದುಂಟಾ?"

ನೆನಪಿಗೆ ಎಷ್ಟು ಪಾತಾಳಗರಡಿ ಹಾಕಿದರೂ ಒಂದು ಸಲವೂ ಸಿಗಲಿಲ್ಲ.

"ಗೊತ್ತಿದ್ದೂ ಅದರ ಜೊತೆ ಯಾಕೆ ಮಾತಾಡ್ತಿದ್ದೆ?"

"ಕೆಲಸ ಮುಗಿಸಿ ಬಂದ್ರೆ ಈ ಕೋಣೆಯಲ್ಲಿ ನಾನೂ ಒಬ್ಬಳೇ ಅಲ್ವೇನ್ರೀ. ನನ್ನದು ಊಟ ಆಯ್ತಾ ಅಂತ ಕೇಳೋಕೆ ಅದಾದ್ರೂ ಇತ್ತು."

ಮಹಾಶಯರಿಗೆ ಕಣ್ಣು ಮಂಜಾಯಿತು. ಇಷ್ಟು ದಿನ ಒಂಟಿತನವೆಲ್ಲ ತಮ್ಮೊಬ್ಬರ ಪಾಲಿಗೇ ಬಂದಿದೆ ಎಂದುಕೊಂಡಿದ್ದರು. ಎದ್ದು ನಿಂತು, ಎದೆ ಉಬ್ಬಿಸಿ ಗರ್ಜಿಸಿದರು:

"ಆ ಶನಿಯನ್ನ ಈಗಿಂದೀಗಲೇ ಕಿತ್ತು ಬಿಸಾಕ್ತೀನಿ! ನಾಳೆಯಿಂದ ನಾನೇ ಕೇಳ್ತೀನಿ!"

"ಅಯ್ಯಯ್ಯೋ, ದುಡುಕಬೇಡಿ!" ಹೆಂಡತಿ ಗಾಬರಿಯಿಂದ ಕೂಗಿದಳು. "ನೀವು ಕೇಳಿ, ಬೇಡ ಅಂದೋರ್ಯಾರು? ಆದ್ರೆ ನಿಮಗೆ ರೂಢಿ ಆಗೋವರೆಗೂ ಅದು ಇರಲಿ!"