ಕೊನೆಗಳಿಗೆಯ ಟೆಸ್ಟಿಂಗ್

ಆಫೀಸಿನಲ್ಲಿ ಎಲ್ಲರೂ ಅವನನ್ನು ಅನುಮಾನಪ್ಪ ಎನ್ನುತ್ತಿದ್ದರು. ಬೇರೆಯವರು ಬರೆದ ಸಾಫ್ಟ್‌ವೇರ್‌ನಲ್ಲಿ ಹುಳುಕು ಹುಡುಕುವುದೇ ಉದ್ಯೋಗವಾದವನಿಗೆ ಇನ್ನೆಂಥ ಹೆಸರು ಬಂದೀತು? ಈ ಸಲ ಅವರು ಮಾಡಿದ್ದು ಒಂದು ದೊಡ್ಡ ಶಾಲೆಗೆ ಮಕ್ಕಳನ್ನು ಸೇರಿಸುವ ವೆಬ್‌ಸೈಟು. ಮೊದಲು ಅರ್ಜಿ ತುಂಬಿದವರಿಗೆ ಸೀಟು. ಕೆಲಸ ಶುರುವಾದಂದಿನಿಂದ ಅವನದು ಒಂದೇ ರಾಗ: ಸಾವಿರಾರು ಜನ ಒಟ್ಟಿಗೆ ನುಗ್ಗಿದರೆ ಸೈಟು ತಡೆದೀತೇ ಎಂದು ಈಗಿನಿಂದಲೇ ನೋಡುತ್ತಾ ಬರಬೇಕು, ಅದಕ್ಕೆ ಬೇರೆಯೇ ಸರ್ವರ್ ಬೇಕು. ಮ್ಯಾನೇಜರ್ ಅವರದೂ ಒಂದೇ ಉತ್ತರ.

"ಮೊದಲು ಕಟ್ಟಿ ಮುಗೀಲಿ. ಆಮೇಲೆ ಗುದ್ದಿ ನೋಡೋಣ."

ಆ 'ಆಮೇಲೆ' ಬಂದದ್ದು ಸೈಟು ತೆರೆಯುವ ದಿನ ಬೆಳಿಗ್ಗೆ. ಹತ್ತು ಗಂಟೆಗೆ ಊರಿನ ಅಪ್ಪ ಅಮ್ಮಂದಿರೆಲ್ಲ ನುಗ್ಗುವವರಿದ್ದರು. ಬೇರೆ ಸರ್ವರ್ ಬಂದಿರಲೇ ಇಲ್ಲ. ಇರುವುದರಲ್ಲೇ ನೋಡಿಕೊಳ್ಳಿ ಎಂದಾಯಿತು. ಬೆಂಕಿ ಬಿದ್ದಾಗ ಬಾವಿ ತೋಡುವುದೆಂದರೆ ಇದೇ ಎಂದು ಗೊಣಗುತ್ತಾ ಅನುಮಾನಪ್ಪ ಕುರ್ಚಿ ಎಳೆದುಕೊಂಡ.

ಅವನ ಸಂಕಟ ಬರೀ ಆಫೀಸಿನದಾಗಿರಲಿಲ್ಲ. ಅವನ ಒಬ್ಬಳೇ ಮಗಳೂ ಅದೇ ಶಾಲೆಗೆ ಸೇರಬೇಕಿತ್ತು. ಬೇರೆ ಶಾಲೆಗಳಲ್ಲೆಲ್ಲ ಸೀಟಿಲ್ಲ ಎಂದಿದ್ದರು. ಹೆಂಡತಿ ಬೆಳಗಿನಿಂದ ಕಂಪ್ಯೂಟರ್ ಮುಂದೆ ಬೆಕ್ಕಿನ ಹಾಗೆ ಹೊಂಚು ಹಾಕಿ ಕೂತಿದ್ದಳು. ಸೀಟು ತಪ್ಪಿದರೆ ಕೆಲಸ ಬಿಟ್ಟು ಮನೆಯಲ್ಲಿ ನೀವೇ ಪಾಠ ಹೇಳಿ ಎಂದು ಹೊರಡುವಾಗಲೇ ಎಚ್ಚರಿಸಿದ್ದಳು.

ಅವನು ಸಾವಿರಾರು ಸುಳ್ಳು ಅರ್ಜಿಗಳನ್ನು ಒಮ್ಮೆಲೇ ಸೈಟಿನ ಮೇಲೆ ಹರಿಬಿಟ್ಟ. ಸೈಟು ಬಾಯಿ ಬಿಟ್ಟು ಮಲಗಿತು. ಸುತ್ತ ಜನ ಸೇರಿದರು. ಲೆಕ್ಕಪತ್ರದವರು ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂದರು. ಮ್ಯಾನೇಜರ್ ಬೆನ್ನ ಹಿಂದೆ ನಿಂತು ಉಗುರು ಕಚ್ಚಿದರು. ಕೋಡ್ ಬರೆದ ಹುಡುಗಿ ಒಂದೊಂದೇ ಗಂಟು ಬಿಡಿಸಿದಳು. ಅನುಮಾನಪ್ಪ ಮತ್ತೆ ಹರಿಬಿಟ್ಟ, ಮತ್ತೆ ಬಿತ್ತು. ಇನ್ನೇನು ಹತ್ತು ಗಂಟೆಯಾಯಿತು ಎನ್ನುವಾಗ ಮೂರನೆಯ ಸಲ ಹರಿಬಿಟ್ಟ. ಸೈಟು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಎಲ್ಲರನ್ನೂ ಒಳಗೆ ಬಿಟ್ಟುಕೊಂಡಿತು. ಹೋದ ಜೀವ ಬಂದಂತಾಯಿತು.

ಹತ್ತು ಹೊಡೆಯಿತು, ಸೈಟು ತೆರೆಯಿತು, ಹೆಂಡತಿಯ ಫೋನು ಬಂತು.

"ರೀ, ತೆರೆದ ತಕ್ಷಣ ಸೀಟೆಲ್ಲ ಭರ್ತಿ ಅಂತಿದೆ. ಸೇರಿದವರ ಹೆಸರೂ ಹಾಕಿದ್ದಾರೆ. ಮಗು ಒಂದು, ಮಗು ಎರಡು, ಮಗು ಮೂರು... ಯಾರ ಮನೆ ಮಕ್ಕಳ್ರೀ ಇವು?"

ಅವು ಅನುಮಾನಪ್ಪನದೇ ಮಕ್ಕಳು. ಬೇರೆ ಸರ್ವರ್ ಇಲ್ಲದೆ ನಿಜವಾದ ಸೈಟಿಗೇ ಕಳಿಸಿದ ಸುಳ್ಳು ಅರ್ಜಿಗಳು, ಶಾಲೆಯ ಸೀಟನ್ನೆಲ್ಲ ನುಂಗಿ ಕೂತಿದ್ದವು.

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಫೋನು ಇಟ್ಟಿದ್ದಳು. ಕೋಡ್ ಬರೆದ ಹುಡುಗಿ ಗಡಿಬಿಡಿಯಲ್ಲಿ ಸುಳ್ಳು ಮಕ್ಕಳನ್ನೆಲ್ಲ ಅಳಿಸಿದಳು. ಸೀಟುಗಳು ಮತ್ತೆ ತೆರೆದುಕೊಂಡವು. ಅವನು ಹೆಂಡತಿಗೆ ಫೋನು ಮಾಡಿದ, ಎಂಗೇಜು. ತವರಿಗೆ ಫೋನು ಹಚ್ಚಿ ಗಂಡನ ಗುಣಗಾನ ಶುರು ಮಾಡಿದ್ದಳು. ತಾನೇ ಅರ್ಜಿ ತುಂಬಿದ. ಕೊನೆಯಲ್ಲಿ ಓಟಿಪಿ ಕೇಳಿತು. ಮೊದಲೇ ನೋಂದಾಯಿಸಿದ್ದು ಹೆಂಡತಿಯ ನಂಬರು, ಹಾಗಾಗಿ ಅದು ಹೋದದ್ದು ಅವಳ ಮೊಬೈಲಿಗೆ. ಮತ್ತೆ ಎಂಗೇಜು. ಕಣ್ಣೆದುರೇ ಸೀಟುಗಳು ಕರಗುತ್ತಿದ್ದವು. ಸೈಟು ಒಮ್ಮೆ, ಒಂದೇ ಒಂದು ಸಲ ನಿಂತುಹೋಗಲಪ್ಪಾ ಎಂದು ಜೀವನದಲ್ಲಿ ಮೊದಲ ಸಲ ಅವನು ಬೇಡಿಕೊಂಡ. ಅವನೇ ಗುದ್ದಿ ಗಟ್ಟಿ ಮಾಡಿದ ಸೈಟು, ಎಡವಲೇ ಇಲ್ಲ. ಸೀಟು ಮುಗಿಯಿತು.

ಮ್ಯಾನೇಜರ್ ಖುಷಿಯಿಂದ ಅವನ ಬೆನ್ನು ತಟ್ಟಿದರು.

"ನೋಡಿದ್ರಾ? ಸುಮ್ನೆ ಮೊದಲಿಂದ ಟೆಸ್ಟ್ ಮಾಡ್ಬೇಕು ಅಂತಿದ್ರಿ. ಕೊನೇ ದಿನ ಮಾಡಿದ್ರೇ ಸರಿಯಾಗಿ ಆಗೋದು. ಇನ್ಮೇಲೆ ಹೀಗೇ ಮಾಡೋಣ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ.

"ರೀ, ಮೊಬೈಲಿಗೆ ಯಾವುದೋ ನಂಬರ್ ಬಂದಿದೆ. ಯಾರಿಗೂ ಹೇಳಬೇಡಿ ಅಂತ ಬರೆದಿದೆ. ನಿಮಗೆ ಹೇಳಬಹುದಾ?"