ಬೆಕ್ಕಿನ ಮರಿಯಂಥ ಗರಗಸ

ಈ ಸಲ ಬಿರುಗಾಳಿಗೆ ಬಿದ್ದ ಮರವನ್ನು ತಾನೇ ಕಡಿಯುವುದಾಗಿ ಲಿಂಡ್ಸೆ ಪೆಟ್ರಿ ಘೋಷಿಸಿದಾಗ ಮರ ಇನ್ನೂ ಬಿದ್ದಿರಲಿಲ್ಲ. ಬಿರುಗಾಳಿಯೂ ಹುಟ್ಟಿರಲಿಲ್ಲ. ಹುಟ್ಟಿದ್ದು ಹೊಟ್ಟೆಕಿಚ್ಚೊಂದೇ, ಅದಕ್ಕಾಗಲೇ ಮೀಸೆ ಬಂದಿತ್ತು.

ಕಾರಣ ಪಕ್ಕದ ಮನೆಯ ವಿಧುರ ಟೊರಿಸಿ. ಆಸ್ಟ್ರೇಲಿಯಾದ ಇನ್ನಿಸ್‌ಫೇಲ್‌ನ ಕಬ್ಬಿನ ಗದ್ದೆಯಲ್ಲಿ ಬೆಳೆದ ಇಟಲಿಯ ಕುಳ. ಎಪ್ಪತ್ತು ದಾಟಿದರೂ ಎತ್ತಿನಂಥ ಭುಜ. ಪ್ರತಿ ಚಂಡಮಾರುತದ ಮಾರನೆಯ ದಿನ ಪೆಟ್ರೋಲ್ ಗರಗಸ ಹೊತ್ತು ಬೇಲಿ ದಾಟಿ ಬಂದು, ಲಿಂಡ್ಸೆಯ ಅಂಗಳದ ಮರ ತುಂಡರಿಸುತ್ತಿದ್ದ. ಲಿಂಡ್ಸೆಯ ಹೆಂಡತಿ ನೊಯೆಲೀನ್ ಅವನಿಗೆ ಕೇಕ್ ಕೊಟ್ಟು, "ಈ ವಯಸ್ಸಲ್ಲೂ ಅದೇನು ಕಸುವು ನೋಡು" ಅನ್ನುತ್ತಿದ್ದಳು. ಕೇಕ್ ತಿನ್ನುತ್ತಿದ್ದವನು ಟೊರಿಸಿ, ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದ್ದದ್ದು ಲಿಂಡ್ಸೆಗೆ.

ಗರಗಸ ಕೊಳ್ಳಲು ಗಂಡಹೆಂಡತಿ ಅಂಗಡಿಗೆ ಹೋದರು. ಲಿಂಡ್ಸೆ ಪೆಟ್ರೋಲ್ ಗರಗಸ ಎತ್ತಿದ. ಭುಜ ಕಟಕ್ಕೆಂದಿತು.

"ಭಾರ ಆಯ್ತಾ?" ಎಂದಳು ನೊಯೆಲೀನ್.

"ಭಾರ ಅಲ್ಲ. ವಾಸನೆ."

ಬ್ಯಾಟರಿಯ ಗರಗಸ ಮಾತ್ರ ಬೆಕ್ಕಿನ ಮರಿಯ ಹಾಗೆ ಕೈಗೆ ಬಂತು. ಹೊಗೆಯಿಲ್ಲ, ಗದ್ದಲವಿಲ್ಲ, ಚಾಲೂ ಮಾಡಲು ಹಗ್ಗ ಎಳೆದೆಳೆದು ಸೊಂಟ ಹಿಡಿಸಿಕೊಳ್ಳುವ ಗೋಳಿಲ್ಲ.

"ಇನ್ನೊಂದು ಬ್ಯಾಟರಿ ಇಟ್ಕೊಳ್ತೀರಾ?" ಎಂದಳು ಅಂಗಡಿಯವಳು.

"ಯಾಕಮ್ಮಾ? ಮನೇಲಿ ಪ್ಲಗ್ ಇದೆ."

ಚಂಡಮಾರುತ ಬಂದೇ ಬಂತು. ಬೆಳಗಾದಾಗ ದೊಡ್ಡ ಮಾವಿನ ಮರ ಕಾರಿನ ದಾರಿಗೆ ಅಡ್ಡಲಾಗಿ ಮಲಗಿತ್ತು. ಬೇಲಿಯಾಚೆಯಿಂದ ಟೊರಿಸಿ ತನ್ನ ಗರಗಸ ಎತ್ತಿ ತೋರಿಸಿದ. ಬೇಡವೆಂದು ಲಿಂಡ್ಸೆ ಮಹಾರಾಜರು ಕೈಯಾಡಿಸಿದರು. ಹೊಸ ಗರಗಸ ಕೊಂಬೆಗಳನ್ನು ಬೆಣ್ಣೆಯಂತೆ ಸೀಳಿತು. ಹೆಂಡತಿ ಜಗಲಿಯಲ್ಲಿ ನಿಂತು ನೋಡುತ್ತಿದ್ದಳು, ಜನ್ಮ ಸಾರ್ಥಕವಾಯಿತು. ಅಷ್ಟರಲ್ಲಿ ಗರಗಸ ಸುಮ್ಮನಾಯಿತು.

ಒಳಗೆ ಹೋಗಿ ಬ್ಯಾಟರಿಯನ್ನು ಪ್ಲಗ್ಗಿಗೆ ಸಿಕ್ಕಿಸಿದ. ದೀಪ ಹತ್ತಲಿಲ್ಲ. ಚಂಡಮಾರುತದ ಮಾರನೆಯ ದಿನ ಊರಲ್ಲಿ ಎಂದಾದರೂ ಕರೆಂಟ್ ಇದ್ದದ್ದುಂಟೆ? ಗಾಳಿ ಬರುವ ಮುಂಚೆ ಸ್ನಾನದ ತೊಟ್ಟಿಗೆ ನೀರು ತುಂಬಿಸಿಡಲು ಮರೆಯದ ಮನುಷ್ಯನಿಗೆ, ಈ ಊರಲ್ಲೇ ಹುಟ್ಟಿ ತಲೆ ನರೆತವನಿಗೆ, ಇದೊಂದು ಹೊಳೆದಿರಲಿಲ್ಲ.

ಬೀದಿಗೆಲ್ಲ ಇದ್ದದ್ದು ಒಂದೇ ಜನರೇಟರ್. ಯಾರದೆಂದು ಬೇರೆ ಹೇಳಬೇಕೆ? ಅಕ್ಕಪಕ್ಕದವರ ಸಿಗಡಿಯೆಲ್ಲ ಟೊರಿಸಿಯ ಫ್ರೀಜರಿನಲ್ಲೇ ಠಿಕಾಣಿ ಹೂಡಿತ್ತು.

"ಸತ್ತರೂ ಅವನ ಮೆಟ್ಟಿಲು ಹತ್ತಲ್ಲ ನಾನು."

"ನಿನ್ನ ಯಾರು ಹತ್ತು ಅಂದ್ರು? ನಾನು ಹೋಗ್ತೀನಿ." ನೊಯೆಲೀನ್ ಬ್ಯಾಟರಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಬಿಟ್ಟಳು.

ಬ್ಯಾಟರಿ ಖಾಲಿಯಾಗಲು ನಾಲ್ಕು ಕೊಂಬೆ ಸಾಕು. ತುಂಬಲು ಮಾತ್ರ ಎಷ್ಟೋ ಹೊತ್ತು. ಅಷ್ಟು ಹೊತ್ತೂ ಅವಳು ಟೊರಿಸಿಯ ಜಗಲಿಯಲ್ಲಿ! ಕಾಫಿಯ ಘಮ ಬೇಲಿ ದಾಟಿ ಬಂತು. ಹಿಂದೆಯೇ ಅವಳ ನಗುವೂ ಬಂತು. ಲಿಂಡ್ಸೆ ಧಗಧಗ ಉರಿದ. ಕಡಿದರೆ ಹೆಂಡತಿ ಅಲ್ಲಿಗೆ ಹೋಗುತ್ತಾಳೆ. ಕಡಿಯದಿದ್ದರೆ ಅವನು ಇಲ್ಲಿಗೆ ಬರುತ್ತಾನೆ. ಯಾರನ್ನು ದೂರವಿಡಲು ಇದನ್ನು ಕೊಂಡನೋ ಅವನ ಮನೆಗೇ ಹೆಂಡತಿಯನ್ನು ದಿನಕ್ಕೆ ಮೂರು ಹೊತ್ತು ಅಟ್ಟುತ್ತಿತ್ತು ಈ ಹಾಳು ಬೆಕ್ಕಿನ ಮರಿ.

ಕೆಲವು ದಿನ ಹೀಗೇ ನಡೆಯಿತು. ಒಂದು ಮಧ್ಯಾಹ್ನ ನೊಯೆಲೀನ್ ಇನ್ನೂ ಆ ಜಗಲಿಯಲ್ಲೇ ಇದ್ದಾಗ ಟೊರಿಸಿ ಬೇಲಿ ದಾಟಿ ಬಂದ. ಮುಖ ಬಾಡಿತ್ತು. ಪೆಟ್ರೋಲ್ ಗರಗಸವನ್ನು ಲಿಂಡ್ಸೆಯ ಕಾಲ ಬಳಿ ಇಟ್ಟ.

"ತಗೋ. ಸಂಜೆಯೊಳಗೆ ಮರ ಮುಗಿಸಿಬಿಡು."

"ಯಾಕೆ? ಅವಳು ಬಂದ್ರೆ ನಿಂಗೆ ಹಬ್ಬ ಅಲ್ವಾ?"

"ಬಂದಾಗಿಂದ ಹೋಗೋ ತನಕ ನಿಂದೇ ಮಾತು, ಮಾರಾಯ."

ಲಿಂಡ್ಸೆಯ ಎದೆ ಅಗಲವಾಯಿತು. "ಹೌದಾ? ಏನಂತಾಳೆ?"

"ನಿನ್ನ ಗೊರಕೆ. ನಿನ್ನ ಕಾಲುಗುರು. ಪಾತ್ರೆ ತೊಳೆಯೋ ಹೊತ್ತಿಗೆ ಮಾತ್ರ ನೋಯೋ ನಿನ್ನ ಭುಜ. ಇವತ್ತು ನಿಮ್ಮಮ್ಮನ ಕತೆ ಶುರುವಾಗಿದೆ."

ಟೊರಿಸಿ ಮರದ ದಿಮ್ಮಿಯ ಮೇಲೆ ಕುಸಿದು ಕೂತ.

"ನನ್ನವಳು ಹೋದ ಮೇಲೆ, ನೀವಿಬ್ರೂ ಸಂಜೆ ಒಟ್ಟಿಗೆ ಕೂತಿರೋದು ಕಂಡಾಗೆಲ್ಲ ನಂಗೆ ಹೊಟ್ಟೆಕಿಚ್ಚು, ಲಿಂಡ್ಸೆ. ಇಷ್ಟು ವರ್ಷ ಉರಿದಿದ್ದೀನಿ."

ಲಿಂಡ್ಸೆ ಅವನತ್ತ ಬಾಗಿದ. "ಈಗ?"

"ಈಗ ಪೂರ್ತಿ ವಾಸಿಯಾಯ್ತು."