ನೇತಾಡುತ್ತಿದ್ದ ನೀಲಿ ವೈರು

ಅಷ್ಟೂ ಅನಾಹುತಕ್ಕೆ ಕಾರಣ ಒಂದು ಮೊಳ ನೀಲಿ ವೈರು. ಅದರ ಒಂದು ತುದಿ ಸ್ವಿಚ್ಚಿನಲ್ಲಿ ಸಿಕ್ಕಿಕೊಂಡಿತ್ತು, ಇನ್ನೊಂದು ತುದಿ ಸುಮ್ಮನೆ ನೇತಾಡುತ್ತಿತ್ತು. ಸ್ವಿಚ್ಚು ಎಂದರೆ ಲೈಟು ಹಾಕುವುದಲ್ಲ. ಆಫೀಸಿನ ಕಂಪ್ಯೂಟರುಗಳ ವೈರೆಲ್ಲ ಬಂದು ಸೇರುವ, ಸಾಲಾಗಿ ತೂತುಗಳಿರುವ ಡಬ್ಬಿ. ಪಾಂಡವಪುರದ ಕಡೆಯ ಒಂದು ರೈತರ ಸಹಕಾರ ಸಂಘದಲ್ಲಿ ಆ ಡಬ್ಬಿಯನ್ನು ಸಾಕುವವನು ರಘುನಂದನ. ಹಿಂದಿನ ಸಂಜೆ ಅದರಲ್ಲೇ ಅಭ್ಯಾಸ ಮಾಡುತ್ತಿದ್ದವನು, ಬಸ್ಸು ತಪ್ಪೀತೆಂದು ವೈರನ್ನು ಹಾಗೇ ಬಿಟ್ಟು ತನ್ನೂರು ಅರಕೆರೆಗೆ ಓಡಿದ್ದ.

ಅಭ್ಯಾಸ ನೆಟ್‌ವರ್ಕಿನ ಸರ್ಟಿಫಿಕೇಟ್ ಪರೀಕ್ಷೆಗೆ. ಅಧ್ಯಕ್ಷ ಪುಟ್ಟರಾಜು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ತಿಂಗ್ಳ ಕೊನೀಗೆ ನಿನ್ ಗುತ್ತಿಗೆ ಮುಗೀತದೆ ಕಣಪ್ಪ. ಸರ್ಟಿಫಿಕೇಟ್ ತಂದ್ರೆ ಕೆಲ್ಸ ಕಾಯಂ, ತರ್ದಿದ್ರೆ ಮನೆ."

ರಘು ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದ. ಬಸ್ಸಿನಲ್ಲಿ ಓದಿ, ಉಣ್ಣುತ್ತಾ ಓದಿ, ಮಲಗಿಕೊಂಡು ಓದಿ ಅವನ ಮುಖ ಬಾಡಿದ ಹೀರೆಕಾಯಿಯ ಹಾಗಾಗಿತ್ತು. "ಇದೊಂದ್ಸಲ ಆಗ್ದಿದ್ರೆ ಬುಟ್ಬುಡಿ, ಬ್ಯಾರೆ ಏನಾರ ನೋಡೋಣ" ಎಂದು ಹೆಂಡತಿ ಶ್ವೇತ ಪರೀಕ್ಷೆಯ ದಿನ ಬೆಳಿಗ್ಗೆ ಅಂದಿದ್ದಳು. ಬೇರೆ ಏನು ನೋಡುವುದು? ನೋಡುವ ಶಕ್ತಿಯಾದರೂ ಎಲ್ಲಿ ಉಳಿದಿತ್ತು?

ಪರೀಕ್ಷೆಯನ್ನು ಮನೆಯಲ್ಲೇ ಕೂತು ಬರೆಯಬಹುದಿತ್ತು. ಆದರೆ ಮನೆಯ ನೆಟ್ಟು ಕರೆಂಟಿಗಿಂತ ಮೊದಲೇ ಹೋಗುತ್ತದೆ. ಹಾಗಾಗಿ ಸಂಘದಲ್ಲಿ ಖಾಲಿಯಿದ್ದ ಕಾರ್ಯದರ್ಶಿ ಕೋಣೆ ಸೇರಿ ಚಿಲಕ ಹಾಕಿಕೊಂಡ.

ಎಲ್ಲೋ ದೂರದಲ್ಲಿದ್ದ ಪರೀಕ್ಷೆಯ ಮೇಲ್ವಿಚಾರಕಿ ಕಂಪ್ಯೂಟರಿನ ಕ್ಯಾಮೆರಾದಿಂದಲೇ ಕೋಣೆಯನ್ನು ಜಾಲಾಡಿದಳು. ಕ್ಯಾಲೆಂಡರಿನಲ್ಲಿ ಅಕ್ಷರ ಇದೆ, ತೆಗೆಯಿರಿ ಎಂದಳು. ತೆಗೆದ. ಕೈಯಲ್ಲಿರುವ ದಾರ ಏನು ಎಂದಳು. ಮೇಲುಕೋಟೆ ಸ್ವಾಮಿಯದು ಎಂದು ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ಬೆವರಿಳಿಯಿತು. ಗೋಡೆಯ ಮೇಲೆ ಯಾರೋ ನಿಮ್ಮನ್ನೇ ನೋಡುತ್ತಿದ್ದಾರೆ ಎಂದಳು. ಅದು ಅಧ್ಯಕ್ಷರ ಫೋಟೊ. ರಘು ಅದನ್ನೂ ಗೋಡೆಗೆ ಮುಖ ಮಾಡಿ ತೂಗುಹಾಕಿದ. ಪರೀಕ್ಷೆ ಮುಗಿಯುವವರೆಗೆ ಕುರ್ಚಿ ಬಿಟ್ಟು ಏಳಬಾರದು, ಯಾರ ಜೊತೆಗೂ ಮಾತಾಡಬಾರದು ಎಂದು ಎಚ್ಚರಿಸಿ ಅವಳು ಪರೀಕ್ಷೆ ಶುರು ಮಾಡಿದಳು.

ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ಅಷ್ಟರಲ್ಲಿ ಕಿಟಕಿ ಕಿರ್ರೆಂದಿತು. ಸಂಘದಲ್ಲಿ ಕಸ ಗುಡಿಸಿ ಕಾಫಿ ಕೊಡುವ ಪುಟ್ಟಲಕ್ಷ್ಮಮ್ಮನ ಕೈ ಸರಳಿನ ಸಂದಿಯಿಂದ ಲೋಟ ಸಮೇತ ಒಳಗೆ ಬಂತು.

"ಯಾಕಪ್ಪ, ಒಬ್ನೇ ಬಾಗ್ಲಾಕ್ಕೊಂಡು ಕೂತಿದ್ದೀಯ? ಏನಾರ ಮಾಡ್ಕೊಂಡ್ಬುಟ್ಟೀಯ ಕಣಪ್ಪ! ಮೊದ್ಲು ಕಾಫಿ ಕುಡಿ."

ರಘು ತುಟಿ ಅಲುಗಿಸದೆ ಕಣ್ಣಿನಲ್ಲೇ ಹೋಗು ಎಂದ.

"ಅಯ್ಯಯ್ಯೋ, ಕಣ್ಣು ತಿರುಗ್ತಾ ಅವೆ ಕಣ್ರಪ್ಪೋ!" ಎಂದು ಕೂಗುತ್ತಾ ಆಕೆ ಓಡಿದಳು. ಪರದೆಯ ಮೇಲೆ ಮೊದಲ ಎಚ್ಚರಿಕೆ ಬಂತು. ಇನ್ನೊಂದು ಸಲ ಹೀಗಾದರೆ ಪರೀಕ್ಷೆ ರದ್ದು. ರಘುವಿಗೆ ಅಳು ಬಂದಂತಾಯಿತು. ಅತ್ತರೂ ತುಟಿ ಅಲುಗುತ್ತದಲ್ಲ ಎಂದು ತಡೆದುಕೊಂಡ.

ಹೊರಗೆ ಗೊಬ್ಬರಕ್ಕೆ ರೈತರ ಸಾಲು ನಿಂತಿತ್ತು. ಬಿಲ್ಲು ಹಾಕುತ್ತಿದ್ದವನು ಗುಮಾಸ್ತ ದೇವಯ್ಯ. ಅಚ್ಚುಕಟ್ಟು ಮನುಷ್ಯ. ಯಾರದಾದರೂ ಅಂಗಿಯ ಗುಂಡಿ ಬಿಚ್ಚಿದ್ದರೆ ತಾನೇ ಹೋಗಿ ಹಾಕುವ ಜಾತಿ. ರಘು ಏನಾದನೋ ಎಂದು ನೋಡಲು ಎದ್ದು ಬಂದವನ ಕಣ್ಣಿಗೆ, ದಾರಿಯಲ್ಲಿ ಆ ನೀಲಿ ವೈರು ಬಿತ್ತು. "ಥೂ, ಎಂಗ್ ಬುಟ್ಟವ್ನೆ ನೋಡು" ಎಂದವನೇ ನೇತಾಡುತ್ತಿದ್ದ ತುದಿಯನ್ನು ಅದೇ ಡಬ್ಬಿಯ ಖಾಲಿ ತೂತಿಗೆ ಸಿಗಿಸಿದ.

ಒಳಗೆ ರಘು ಓದುತ್ತಿದ್ದ ಪ್ರಶ್ನೆ ಇದು: ಒಂದು ವೈರಿನ ಎರಡೂ ತುದಿಗಳು ಒಂದೇ ಸ್ವಿಚ್ಚಿಗೆ ಸೇರಿ ನೆಟ್‌ವರ್ಕು ನಿಂತುಹೋಗಿದೆ; ತಕ್ಷಣ ಏನು ಮಾಡಬೇಕು? ರಘುವಿಗೆ ಖುಷಿಯಾಯಿತು. ಇದು ಅವನಿಗೆ ಬಾಯಿಪಾಠ. ಹಾಗೆ ಸೇರಿದರೆ ಹೋದ ಮಾಹಿತಿಯೇ ತಿರುಗಿ ಬಂದು, ಒಂದು ಹತ್ತಾಗಿ, ಹತ್ತು ಸಾವಿರವಾಗಿ, ಗಿರಕಿ ಹೊಡೆದೂ ಹೊಡೆದೂ ದಾರಿಯೆಲ್ಲ ಕಟ್ಟಿಕೊಳ್ಳುತ್ತದೆ. ಉತ್ತರ ಒತ್ತಲು ಹೋದ. ಪರದೆ ಅಲ್ಲಾಡಲಿಲ್ಲ. ಸಂಪರ್ಕ ಕಡಿದಿದೆ, ಕುರ್ಚಿಯಲ್ಲೇ ಕೂತಿರಿ ಎಂಬ ಸಾಲು ಮೂಡಿತು.

"ಕಂಪ್ಯೂಟ್ರೆಲ್ಲ ನಿಂತೋದ್ವು ಕಣ್ಲಾ ರಘು!" ದೇವಯ್ಯ ಬಾಗಿಲು ಬಡಿದ. ಹಿಂದೆ ರೈತರ ಗದ್ದಲ.

ಎದ್ದರೆ ಪರೀಕ್ಷೆ ರದ್ದು. ಏಳದಿದ್ದರೆ ನೆಟ್ಟು ಬರುವುದಿಲ್ಲ, ಆಗಲೂ ಪರೀಕ್ಷೆ ರದ್ದು. ಸಂಪರ್ಕವೇ ಇಲ್ಲದ ಮೇಲೆ ಅವಳಿಗೆ ಹೇಗೆ ಕೇಳಿಸೀತು ಎಂದುಕೊಂಡ ರಘು ಕೂತಲ್ಲಿಂದಲೇ ಕಿರುಚಿದ.

"ದೇವಣ್ಣಾ! ಆ ಡಬ್ಬಿ ಏನಾದ್ರೂ ಮುಟ್ಟಿದ್ರಾ?"

"ನಾನ್ಯಾಕ್ಲಾ ಮುಟ್ಲಿ? ಒಂದ್ ವೈರು ನೇತಾಡ್ತಿತ್ತು, ತೂತ್ಗೆ ಸಿಗಿಸ್ದೆ ಅಷ್ಟೇಯ."

"ಅಯ್ಯೋ ದ್ಯಾವ್ರೇ, ಲೂಪ್ ಆಗೋಯ್ತು! ಒಂದು ತುದಿ ಕಿತ್ತಾಕಿ!"

"ಚೆಂದಾಗ್ ಕೂತದೆ ಕಣ್ಲಾ..."

"ಕೀಳಣ್ಣಾ, ನಿನ್ ಕಾಲ್ಗೆ ಬೀಳ್ತೀನಿ!"

ದೇವಯ್ಯ ಒಲ್ಲದ ಮನಸ್ಸಿನಿಂದ ಕಿತ್ತ. ಬಿಲ್ಲಿನ ಯಂತ್ರ ಗರಗರ ಎಂದಿತು. ರೈತರು ಕೇಕೆ ಹಾಕಿದರು. ಒಳಗೆ ಪರದೆಗೂ ಜೀವ ಬಂತು. ರಘು ಬೆವರು ಒರೆಸಿಕೊಂಡು ಉತ್ತರ ಒತ್ತಿದ.

ಒತ್ತಿದ ಕೂಡಲೇ ಮೇಲ್ವಿಚಾರಕಿ ಬಂದಳು. ನೆಟ್ಟು ಇಲ್ಲದಾಗಲೂ ಅವನ ಕಂಪ್ಯೂಟರು ದನಿಯನ್ನೆಲ್ಲ ಹಿಡಿದಿಟ್ಟುಕೊಂಡು ಈಗ ಕಳಿಸಿತ್ತು. ಅವಳ ಜೊತೆಗೆ ಕನ್ನಡ ಬಲ್ಲವನೊಬ್ಬನೂ ಇದ್ದ. ಪ್ರಶ್ನೆ ತೆರೆದಿರುವಾಗಲೇ ನೀವು ಅದರ ಉತ್ತರವನ್ನು ಹೊರಗಿನವರಿಗೆ ಕೂಗಿ ಹೇಳಿದ್ದೀರಿ, ಪರೀಕ್ಷೆ ರದ್ದು, ಇನ್ನೊಂದು ವರ್ಷ ನೀವು ಕೂರುವಂತಿಲ್ಲ ಎಂದ. ಪರದೆ ಕಪ್ಪಾಯಿತು.

ಬಾಗಿಲು ತೆಗೆದರೆ ಎದುರಿಗೆ ಅಧ್ಯಕ್ಷರು. ಗದ್ದಲ ಕೇಳಿ ಆಗಷ್ಟೇ ಬಂದವರು, ದೇವಯ್ಯ ವೈರು ಕಿತ್ತದ್ದನ್ನೂ ರೈತರು ಕೇಕೆ ಹಾಕಿದ್ದನ್ನೂ ಕಣ್ಣಾರೆ ನೋಡಿದ್ದರು. ಒಳಗೆ ಇಣುಕಿ, ಗೋಡೆಗೆ ಮುಖ ಮಾಡಿದ್ದ ತಮ್ಮ ಫೋಟೊವನ್ನೂ ನೋಡಿದರು.

"ಜನ ಬಿಸ್ಲಲ್ಲಿ ಒದ್ದಾಡ್ತಾವ್ರೆ, ನೀನು ಬಾಗ್ಲಾಕ್ಕೊಂಡು ಕುಂತಿದ್ದೀಯ. ಇಂಗೆ ಬಂದು ಅಂಗೆ ಸರಿ ಮಾಡ್ಬುಟ್ಟ ದೇವಯ್ಯ. ನಾಳಿಂದ ಡಬ್ಬಿ ಅವ್ನೇ ನೋಡ್ಕೋತಾನೆ ಬುಡು. ತಿಂಗ್ಳು ಮುಗಿಯೋಗಂಟ ಅವಂಗೆ ಅಷ್ಟು ಹೇಳ್ಕೊಟ್ಬುಟ್ಟು ಓಗು."

ರಘು ನೀಲಿ ವೈರಿನ ಕಡೆ ಕೈ ತೋರಿಸಿದ. "ಸಾರ್, ಆ ವೈರು ಸಿಗಿಸಿ ಕೆಡಿಸಿದ್ದೇ ದೇವಣ್ಣ ಸಾರ್!"

ಅಧ್ಯಕ್ಷರು ದೇವಯ್ಯನ ಹೆಗಲ ಮೇಲೆ ಕೈ ಹಾಕಿದರು.

"ನೋಡ್ಲಾ ಮತ್ತೆ! ಸಿಗ್ಸಕ್ಕೂ ಬತ್ತದೆ, ಕೀಳಕ್ಕೂ ಬತ್ತದೆ. ಈ ಕೆಲ್ಸುಕ್ಕೆ ಇನ್ನೇನ್ ಬರ್ಬೇಕು?"